ಚೆಂಡು ಒಂದೇ, ಹಿಡಿಯೋಕೆ ಇಬ್ಬರು ಯಾಕೆ?

ಪ್ರಶ್ನೆ: ಮಗಳು ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳನ್ನು ನೋಡಲು ಹೋದಾಗ ನಾನೂ ನಮ್ಮ ಮನೆಯವರೂ ಮೊದಲ ಸಲ ಕಾಲೇಜ್ ಫುಟ್‌ಬಾಲ್ ನೋಡಿದೆವು, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರಲ್ಲ, ಆ ಅಮೆರಿಕನ್ ಫುಟ್‌ಬಾಲ್. ಆಟದ ಶುರುವಿಗೆ ಒಂದು ತಂಡ ಚೆಂಡನ್ನು ದೂರಕ್ಕೆ ಒದೆಯುತ್ತದೆ. ಆ ಕಡೆ ತೀರಾ ಹಿಂದೆ ಇಬ್ಬರು ಕಾಯುತ್ತಿರುತ್ತಾರೆ. ಇಬ್ಬರೂ ತಂಡದಲ್ಲೇ ಜಾಸ್ತಿ ಜೋರಾಗಿ ಓಡುವವರಂತೆ. ಹಿಡಿಯುವವನು ಒಬ್ಬನೇ ಅಲ್ವಾ? ಇನ್ನೊಬ್ಬನನ್ನು ಸುಮ್ನೆ ಯಾಕೆ ನಿಲ್ಲಿಸುತ್ತಾರೆ?
– ಓದುಗರೊಬ್ಬರು, ಹಾಸನ

ಉತ್ತರ: ಮೊದಲ ಆಟದಲ್ಲೇ ನಿಮ್ಮ ಕಣ್ಣು ಆ ಇಬ್ಬರ ಮೇಲೆ ಬಿತ್ತಲ್ಲ, ನನಗೆ ತುಂಬಾ ಖುಷಿಯಾಯಿತು. ಎಷ್ಟೋ ವರ್ಷ ಆಟ ನೋಡಿದವರೂ ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಾರೆ. ಎರಡನೆಯವನನ್ನು ಯಾರೂ ನೋಡುವುದಿಲ್ಲ.

ಒದೆಯುವವನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಅವನು ತನ್ನ 35 ಯಾರ್ಡ್ ಗೆರೆಯಿಂದ, ಅಂದರೆ ತನ್ನ ಕಡೆಯ ಗೋಲ್ ಗೆರೆಯಿಂದ 35 ಯಾರ್ಡ್ ಮುಂದಿನಿಂದ, ಒದೆಯುತ್ತಾನೆ. ಎದುರಿನ ಗೋಲ್ ಗೆರೆ ಅಲ್ಲಿಂದ 65 ಯಾರ್ಡ್. ಮೈದಾನದ ಅಗಲ 53 ಯಾರ್ಡ್‌ಗಿಂತ ಸ್ವಲ್ಪ ಜಾಸ್ತಿ. ಹಿಂದೆ ಒಬ್ಬನೇ ನಿಂತಿದ್ದರೆ ಅವನು ಎಷ್ಟೇ ಜೋರಾಗಿ ಓಡಲಿ, ಕಿಕ್ಕರ್ ಚೆಂಡನ್ನು ಮೂಲೆಗೆ ಕಳಿಸುತ್ತಾನೆ. ಚೆಂಡು ಗಾಳಿಯಲ್ಲಿ ಇರುವುದು ಹೆಚ್ಚುಕಡಿಮೆ 4 ಸೆಕೆಂಡು. ಅಷ್ಟರಲ್ಲಿ ಇವನು ಅಲ್ಲಿಗೆ ಮುಟ್ಟುತ್ತಾನೆ, ಆದರೆ ಅಡ್ಡಡ್ಡ ಓಡಿಕೊಂಡು ಮುಟ್ಟುತ್ತಾನೆ. ಚೆಂಡು ಕೈಗೆ ಬಂದ ಮೇಲೆ ನಿಂತು, ತಿರುಗಿ, ಮತ್ತೆ ಓಟ ಶುರು ಮಾಡಬೇಕು. ಒಳ್ಳೆಯ ರಿಟರ್ನರ್ (ಒದ್ದ ಚೆಂಡನ್ನು ಹಿಡಿದು ವಾಪಸ್ ಓಡುವವನು) ಚೆಂಡು ಬೀಳುವ ಜಾಗಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ ಇದ್ದು, ಮುಂದಕ್ಕೆ ಬರುತ್ತಲೇ ಹಿಡಿಯುತ್ತಾನೆ. ಆ ನುಗ್ಗುವಿಕೆ ಹೋದರೆ ಅವನ ವೇಗ ಅರ್ಧ ಹೋದ ಹಾಗೆ.

ಇಬ್ಬರು ನಿಂತರೆ ಒಬ್ಬೊಬ್ಬರಿಗೆ ಅರ್ಧ ಮೈದಾನ. ಯಾವ ಕಡೆ ಒದ್ದರೂ ಒಬ್ಬ ನೇರ ಮುಂದಕ್ಕೆ ಬಂದು ಹಿಡಿಯಬಲ್ಲ. ಇಬ್ಬರೂ ಒಂದೇ ವೇಗದವರಾದರೆ ಕಿಕ್ಕರ್‌ಗೆ ಅತ್ತ ದರಿ, ಇತ್ತ ಪುಲಿ. ತೀರಾ ಅಂಚಿಗೆ ಒದೆಯಲು ಹೋಗಿ ಚೆಂಡು ಗೆರೆಯಾಚೆ ಹೋಯಿತೋ, ಎದುರಾಳಿಗೆ ಅವರ 35 ಯಾರ್ಡ್ ಗೆರೆಯಲ್ಲಿ ಪುಕ್ಕಟೆ ಚೆಂಡು. ಗಿಡ್ಡದಾಗಿ ಒದ್ದರೂ ನಷ್ಟವೇ.

ಕ್ಲೆಮ್ಸನ್ ವಿಶ್ವವಿದ್ಯಾಲಯ ಸೌತ್ ಕ್ಯಾರೊಲಿನಾದ್ದೇ, ಅದರ 2009ರ ತಂಡ ನೆನಪಾಗುತ್ತದೆ. ಒಂದೇ ತಂಡದಲ್ಲಿ ಸಿ.ಜೆ. ಸ್ಪಿಲ್ಲರ್ ಮತ್ತು ಜಕೋಬಿ ಫೋರ್ಡ್. ಸ್ಪಿಲ್ಲರ್ ಕಾಲೇಜಿನಲ್ಲಿ ಆಡಿದ ನಾಲ್ಕು ವರ್ಷಗಳಲ್ಲಿ 7 ಸಲ ಕಿಕ್‌ಆಫ್ (ಶುರುವಿನ ಆ ಒದೆತ) ಹಿಡಿದು ಟಚ್‌ಡೌನ್ ತನಕ, ಅಂದರೆ ಎದುರಾಳಿಯ ಗೋಲ್ ಗೆರೆ ದಾಟುವ ತನಕ, ಓಡಿದವನು. ಫೋರ್ಡ್ ಅದೇ ವರ್ಷ 60 ಮೀಟರ್ ಓಟದಲ್ಲಿ ಅಮೆರಿಕದ ಕಾಲೇಜುಗಳ ಚಾಂಪಿಯನ್. ಇಂಥ ಇಬ್ಬರು ಒಂದೇ ಕಡೆ ಇದ್ದರೆ ಯಾರಿಂದ ತಪ್ಪಿಸಿ ಯಾರಿಗೆ ಒದೆಯೋದು, ಹೇಳಿ?

ಒಬ್ಬನಿಗೇ ಒದ್ದರೆ ಏನಾಗುತ್ತದೆ ಅನ್ನುವುದನ್ನು 1989ರಲ್ಲಿ ಮಿಶಿಗನ್ ತಂಡ ಕಂಡಿತು. ನಾಟರ್ ಡೇಮ್ ವಿಶ್ವವಿದ್ಯಾಲಯದ ಪರ ಆಡುತ್ತಿದ್ದ ರಾಘಿಬ್ ಇಸ್ಮಾಯಿಲ್, ಎಲ್ಲರೂ ‘ರಾಕೆಟ್’ ಅಂತಲೇ ಕರೆಯುವ ಹುಡುಗ, ದ್ವಿತೀಯಾರ್ಧದ ಮೊದಲ ಒದೆತವನ್ನು 88 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಕೊನೆಯ ಕಾಲುಭಾಗದಲ್ಲಿ ಚೆಂಡು ಮತ್ತೆ ಅವನ ಕೈಗೇ ಹೋಯಿತು. ಈ ಸಲ 92 ಯಾರ್ಡ್. ನಾಟರ್ ಡೇಮ್ 24-19ರಿಂದ ಗೆದ್ದಿತು. ಅದಕ್ಕೇ ಕೋಚ್‌ಗಳು ಇಂಥವನಿಂದ ಚೆಂಡನ್ನು ದೂರ ಇಡಲೇ ನೋಡುತ್ತಾರೆ. ಹಾಗೆ ದೂರ ಇಟ್ಟ ಚೆಂಡು ಎಲ್ಲಿಗೆ ಹೋಗುತ್ತದೋ ಅಲ್ಲಿ ಎರಡನೆಯವನು ಇರಬೇಕು.

ಆದರೆ ಬರೀ ವೇಗ ನೋಡಿ ಇಬ್ಬರನ್ನು ನಿಲ್ಲಿಸಿದರೆ ತಂಡಕ್ಕೆ ಕಷ್ಟ ಕಾದಿದೆ. ನಾನು ಇಲ್ಲಿನ ಒಂದು ಶಾಲಾ ತಂಡದ ರಿಟರ್ನರ್‌ಗಳನ್ನು ನೋಡಿಕೊಳ್ಳುತ್ತೇನೆ. ಒಂದು ಸಂಜೆ ಅಭ್ಯಾಸದಲ್ಲಿ ನಮ್ಮ ಇಬ್ಬರು ಒಳ್ಳೆಯ ಓಟಗಾರರನ್ನು ಮೊದಲ ಸಲ ಅಕ್ಕಪಕ್ಕ ನಿಲ್ಲಿಸಿದ್ದೆ. ಚೆಂಡು ಸರಿಯಾಗಿ ನಡುವೆ ಬಂತು. ಇಬ್ಬರೂ ನಾಲ್ಕು ಹೆಜ್ಜೆ ಓಡಿದರು, ಇಬ್ಬರೂ ನಿಂತರು. ಒಬ್ಬರ ಮುಖ ಒಬ್ಬರು ನೋಡಿದರು. ಚೆಂಡು ಒದ್ದೆ ಹುಲ್ಲಿಗೆ ಬಿದ್ದು ಪಕ್ಕಕ್ಕೆ ಚಿಮ್ಮಿತು. ಈ ಚೆಂಡು ಮೊಟ್ಟೆಯ ಆಕಾರದ್ದು, ಯಾವ ಕಡೆ ಪುಟಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಕಿಕ್‌ಆಫ್ ಚೆಂಡು 10 ಯಾರ್ಡ್ ದಾಟಿದ ಮೇಲೆ ಯಾರು ಬೇಕಾದರೂ ಬಾಚಿಕೊಳ್ಳಬಹುದು. ಇಬ್ಬರ ಸಂಕೋಚದಲ್ಲಿ ಮೂರನೆಯವನಿಗೆ ಲಾಭ. ಎದುರಿನ ಕಡೆಯ ಹುಡುಗ ಅದರ ಮೇಲೆ ಬಿದ್ದು ಮಲಗಿಬಿಟ್ಟ.

ಅದಕ್ಕೇ ಇಬ್ಬರಲ್ಲಿ ಒಬ್ಬ ಯಜಮಾನ ಬೇಕೇ ಬೇಕು. ನಡುವೆ ಬಂದ ಚೆಂಡು ಯಾರದ್ದು ಅಂತ ಅವನೊಬ್ಬನೇ ಹೇಳುತ್ತಾನೆ. ತಾನು ಹಿಡಿಯುವುದಾದರೆ ‘ಮೀ ಮೀ’, ಬಿಡುವುದಾದರೆ ‘ಯೂ ಯೂ’. ಕ್ರಿಕೆಟ್‌ನಲ್ಲಿ ಎತ್ತರದ ಕ್ಯಾಚಿಗೆ ‘ನಂದು’ ಅಂತ ಕೂಗುವುದಿಲ್ವಾ, ಹಾಗೆಯೇ. ಎಂಬತ್ತು ಸಾವಿರ ಜನ ಕಿರುಚುವ ಕ್ರೀಡಾಂಗಣದಲ್ಲಿ ಕೂಗು ಕೇಳದೇ ಇರಬಹುದು. ಅದಕ್ಕೆ ಕೈಸನ್ನೆಯೂ ಬೇಕು. ನನ್ನ ಅಭಿಪ್ರಾಯ ಕೇಳಿದರೆ, ಕೂಗಲು ನಾಚುವ ಹುಡುಗ ಎಷ್ಟೇ ಜೋರಾಗಿ ಓಡಲಿ, ಅವನನ್ನು ಹಿಂದೆ ನಿಲ್ಲಿಸಬಾರದು.

ಇನ್ನು ಚೆಂಡು ಸಿಗದವನ ಕೆಲಸ. ಅವನು ಸುಮ್ನೆ ನಿಲ್ಲುವುದಿಲ್ಲ. ಚೆಂಡು ಗೋಲ್ ಗೆರೆಯ ಹಿಂದೆ ಬಂದರೆ ಹೊರಗೆ ಓಡಬೇಕೋ, ಅಲ್ಲೇ ಉಳಿಯಬೇಕೋ ಅಂತ ಹೇಳುವವನು ಅವನು. ಹಿಡಿಯುವವನ ಕಣ್ಣು ಆಕಾಶದಲ್ಲಿರುತ್ತದೆ, ಇವನ ಕಣ್ಣು ನುಗ್ಗಿ ಬರುವವರ ಮೇಲೆ. ಸಂಗಾತಿಯ ಕೈಯಿಂದ ಚೆಂಡು ಜಾರಿದರೆ ಅದರ ಮೇಲೆ ಬೀಳಬೇಕು. ಕೈಗೆ ಕಚ್ಚಿಕೊಂಡಿತು ಅಂತ ಖಾತ್ರಿಯಾದ ಮೇಲೆ ತಿರುಗಿ, ಮುಂದೆ ಓಡಿ, ನಮ್ಮ ಸಾಲು ತಪ್ಪಿಸಿಕೊಂಡು ಮೊದಲು ಬಂದವನಿಗೆ ಅಡ್ಡ ನಿಲ್ಲಬೇಕು. ಇಲ್ಲೂ ವೇಗ ಬೇಕು. ಶಿರಾಡಿ ಘಾಟಿಯಲ್ಲಿ ಮುಂದೆ ಲೋಡ್ ಲಾರಿ ಸಿಕ್ಕರೆ ನಿಮ್ಮ ಕಾರು ಎಷ್ಟು ಹೊಸದಾದರೇನು? ಮುಂದಿನವನು ನಿಧಾನವಾದರೆ ಹಿಂದಿನ ಓಟಗಾರನಿಗೂ ಅದೇ ಗತಿ.

ಈಗೀಗ ಇಂಥ ಓಟ ಕಡಿಮೆಯಾಗುತ್ತಿದೆ, ಅದು ನನಗೆ ಬೇಸರದ ವಿಷಯ. 2012ರಲ್ಲಿ ಕಾಲೇಜ್ ಆಟದ ಒದೆತವನ್ನು 30ರಿಂದ 35 ಯಾರ್ಡ್ ಗೆರೆಗೆ ತಂದರು. ಕಾಲಲ್ಲಿ ಬಲ ಇರುವವನು ಚೆಂಡನ್ನು ಎಂಡ್ ಝೋನ್ (ಗೋಲ್ ಗೆರೆಯ ಹಿಂದಿನ ಜಾಗ) ದಾಟಿಸಿಬಿಡುತ್ತಾನೆ, ಇಬ್ಬರೂ ತಲೆಯೆತ್ತಿ ನೋಡಬೇಕಷ್ಟೇ. 2018ರಿಂದ ಇನ್ನೊಂದು ನಿಯಮ: 25 ಯಾರ್ಡ್ ಗೆರೆಯ ಹಿಂದೆ ‘ನಾನು ಓಡುವುದಿಲ್ಲ’ ಅಂತ ಕೈಬೀಸಿ ಚೆಂಡು ಹಿಡಿದರೆ (ಇದಕ್ಕೆ ಫೇರ್ ಕ್ಯಾಚ್ ಅನ್ನುತ್ತಾರೆ) ಓಡದೆಯೇ 25ರಿಂದ ಆಟ ಶುರು. ಪೂರ್ತಿ ಓಟದಲ್ಲಿರುವ ಹುಡುಗರು ಎದುರುಬದುರು ಡಿಕ್ಕಿಯಾಗಿ ತಲೆಗೆ ಪೆಟ್ಟಾಗುವುದನ್ನು ಕಡಿಮೆ ಮಾಡುವುದಕ್ಕೆ ಈ ನಿಯಮಗಳು ಬಂದವು. ಆ ಕಾರಣವನ್ನು ನಾನು ಮನಸಾರೆ ಒಪ್ಪುತ್ತೇನೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಹೈಸ್ಕೂಲ್ ತಂಡದಲ್ಲಿ ಎರಡನೇ ರಿಟರ್ನರ್. ಎಲ್ಲರೂ ಅವನ ಕಡೆ ಒದೆಯುವುದನ್ನು ತಪ್ಪಿಸುತ್ತಾರೆ. ಕಾಲೇಜಿನಲ್ಲಿ ಆಡಬೇಕು ಅಂತ ಆಸೆ ಇಟ್ಟುಕೊಂಡಿದ್ದಾನೆ. ಚೆಂಡೇ ಸಿಗದಿದ್ದರೆ ಯಾರು ನೋಡುತ್ತಾರೆ ಅಂತ ಮನೆಗೆ ಬಂದು ಮಂಕಾಗಿ ಕೂರುತ್ತಾನೆ. ಗಾಯದ ಭಯ ನನಗೆ ಬೇರೆ.
– ಒಬ್ಬ ತಾಯಿ

ಉತ್ತರ: ಅಮ್ಮಾ, ಅವನ ಕಡೆ ಒದೆಯುವುದಿಲ್ಲ ಅಂದರೆ ಅವನಿಗೆ ಹೆದರಿದ್ದಾರೆ ಅಂತ ಅರ್ಥ. ಇದನ್ನು ಅವನಿಗೆ ಇವತ್ತೇ ಹೇಳಿ.

ಗಾಯದ ಭಯ ಸುಳ್ಳಲ್ಲ. ಕುತ್ತಿಗೆ ಬಗ್ಗಿಸಿ ತಲೆಯಿಂದ ಗುದ್ದುವ ಅಭ್ಯಾಸ ಇದ್ದರೆ ಕೋಚ್ ಜೊತೆ ಕೂತು ಅದನ್ನು ಬಿಡಿಸಿ. ತಲೆಗೆ ಪೆಟ್ಟು ಬಿದ್ದ ದಿನ, ಅವನು ಎಷ್ಟೇ ಹಟ ಮಾಡಲಿ, ಮತ್ತೆ ಮೈದಾನಕ್ಕೆ ಇಳಿಯಬಾರದು. ಗಾಯ ಓಟದಲ್ಲೇ ಆಗಬೇಕೆಂದೂ ಇಲ್ಲ. 2007ರ ಜನವರಿಯ ರಾಷ್ಟ್ರೀಯ ಫೈನಲ್‌ನಲ್ಲಿ ಒಹಾಯೊ ಸ್ಟೇಟ್‌ನ ಟೆಡ್ ಗಿನ್ ಮೊದಲ ಕಿಕ್‌ಆಫನ್ನೇ 93 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಆಮೇಲೆ ಗೆಳೆಯರೆಲ್ಲ ಸಂಭ್ರಮದಲ್ಲಿ ಮೈಮೇಲೆ ಬಿದ್ದಾಗ ಕಾಲಿಗೆ ಪೆಟ್ಟಾಯಿತು. ಅವನಿಲ್ಲದ ತಂಡ ಫ್ಲೋರಿಡಾ ಎದುರು 41-14ರಿಂದ ಸೋತಿತು.

ಕಾಲೇಜಿನವರು ನೋಡುವ ವಿಷಯಕ್ಕೆ ಬರೋಣ. ಅವರು ಪೂರ್ತಿ ವಿಡಿಯೊ ನೋಡುತ್ತಾರೆ. ವೃತ್ತಿಪರ ಆಟದಲ್ಲಿ, ಅಂದರೆ ಎನ್‌ಎಫ್‌ಎಲ್‌ನಲ್ಲಿ, 2024ರ ಹೊಸ ಕಿಕ್‌ಆಫ್ ನಿಯಮದ ಪ್ರಕಾರ ಇಬ್ಬರು ರಿಟರ್ನರ್‌ಗಳು ಹಿಂದೆ ನಿಲ್ಲಬಹುದು. ಓಡಲೂ ಗೊತ್ತು, ಅಡ್ಡ ನಿಲ್ಲಲೂ ಗೊತ್ತು ಅನ್ನುವ ಹುಡುಗನಿಗೆ ಬೇಡಿಕೆ ಇದೆ.

ಮುಂದಿನ ಆಟದ ವಿಡಿಯೊವನ್ನು ಅವನ ಜೊತೆ ಕೂತು ನೋಡಿ. ಚೆಂಡು ಹಿಡಿದವನನ್ನು ಬಿಟ್ಟುಬಿಡಿ, ನಿಮ್ಮ ಮಗನನ್ನೇ ನೋಡಿ. ಕೂಗಿದನೇ? ಎಷ್ಟು ಹೆಜ್ಜೆಗೆ ತಿರುಗಿದ? ಯಾರಿಗೆ ಅಡ್ಡ ಹೋದ? ಅಲ್ಲಿಂದ ಮುಂದೆ ಗೆಳೆಯ ಎಷ್ಟು ಯಾರ್ಡ್ ಓಡಿದ ಅಂತ ಒಂದು ಪುಸ್ತಕದಲ್ಲಿ ಅವನ ಕೈಯಿಂದಲೇ ಬರೆಸಿ.