ಕರ್ತನ ಮೇಲೆ ಭಾರ ಹಾಕಿ ಅಂತಾರಲ್ಲ, ಅದನ್ನು ಹಾಕುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಪ್ಪನಿಗೆ ಕಾಯಿಲೆ, ನಿಮಗೆ ಕೆಲಸ ಹೋಗಿದೆ, ಬ್ಯಾಂಕಿನಿಂದ ನೋಟಿಸ್ ಬಂದಿದೆ. ಚರ್ಚಿನ ಸಭೆಯಲ್ಲಿ ಎಲ್ಲರೂ "ಕರ್ತನ ಮೇಲೆ ಭಾರ ಹಾಕಿ" ಅನ್ನುತ್ತಾರೆ. ಪ್ರಾರ್ಥನೆ ಮುಗಿಸಿ ಎದ್ದರೆ ಐದು ನಿಮಿಷಕ್ಕೆ ಅದೇ ಭಯ ವಾಪಸ್. "ನನ್ನ ವಿಶ್ವಾಸವೇ ಕಡಿಮೆಯಾ?" ಅಂತ ಕೇಳಿದ್ದೀರಿ.

ಮೊದಲು ಆ ಕೊನೆಯ ಮಾತಿಗೆ ಉತ್ತರ ಹೇಳುತ್ತೇನೆ. ಇಲ್ಲ, ಕಡಿಮೆ ಏನಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಅದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದರು. ಒಂದು ಸಲ ಹೇಳಿ ಹಗುರಾಗಿ ಎದ್ದು ಬರಲಿಲ್ಲ. ಬೆವರು ರಕ್ತದ ಹನಿಗಳ ಹಾಗೆ ಬೀಳುತ್ತಿತ್ತು ಅಂತ ಲೂಕ ಬರೆದಿದ್ದಾನೆ. ಭಯಪಡುವವರಿಗೆಲ್ಲ ವಿಶ್ವಾಸ ಇಲ್ಲ ಅಂದರೆ ಆ ರಾತ್ರಿಗೆ ಏನು ಹೇಳೋಣ?

ನಾನು ಪಾಸ್ಟರ್ ಅಲ್ಲ. ಹುಬ್ಬಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ನನ್ನ ಅನುಭವ ಹೇಳುತ್ತೇನೆ, ಬೇಕಾದ್ದು ತಗೊಳ್ಳಿ.

2018ರ ಶುರುವಿನಲ್ಲಿ ಅವ್ವನ ಎರಡೂ ಕಿಡ್ನಿ ಕೈಕೊಟ್ಟವು. ಮಂಗಳವಾರ, ಶುಕ್ರವಾರ ಡಯಾಲಿಸಿಸ್, ಒಂದು ಖಾಸಗಿ ಆಸ್ಪತ್ರೆಯಲ್ಲಿ. ಮೊದಲು ಹೆಂಡತಿಯ ಬಂಗಾರ ಅಡ ಇಟ್ಟೆ. ಆಮೇಲೆ ಕೈಗಡ. ಆಮೇಲೆ ಫೈನಾನ್ಸ್. ಬಂದ ಬಿಲ್ಲು, ರಶೀದಿ, ಫೈನಾನ್ಸ್‌ನವರ ಪತ್ರ ಎಲ್ಲವನ್ನೂ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಅಲ್ಮೇರಾ ಮೇಲೆ ಎಸೆಯುತ್ತಿದ್ದೆ. ಬಿಚ್ಚಿ ನೋಡುವ ಧೈರ್ಯ ಇರಲಿಲ್ಲ. ಎಷ್ಟು ಸಾಲ ಆಗಿದೆ ಅಂತ ಯಾರಾದರೂ ಕೇಳಿದರೆ "ಐದಾರು ಲಕ್ಷ ಇರಬೇಕು" ಅನ್ನುತ್ತಿದ್ದೆ. ಪ್ರಾರ್ಥನೆಯೂ ಹಾಗೇ ಇತ್ತು. "ಕರ್ತನೇ, ನಮ್ಮ ಕಷ್ಟ ನಿನಗೆ ಗೊತ್ತು, ಎಲ್ಲಾ ನಿನ್ನ ಕೈಯಲ್ಲಿ ಕೊಟ್ಟಿದ್ದೇನೆ, ಆಮೆನ್." ಕೊಟ್ಟಿದ್ದೇನೆ ಅಂತ ಬಾಯಲ್ಲಿ ಹೇಳುತ್ತಿದ್ದೆ. ಚೀಲ ಮಾತ್ರ ಅಲ್ಮೇರಾ ಮೇಲೇ ಇತ್ತು.

ಒಂದು ರಾತ್ರಿ ನಿದ್ದೆ ಬರದೆ ಬೈಬಲಿನ ಎರಡನೆಯ ಅರಸುಗಳು ಪುಸ್ತಕ ಓದುತ್ತಿದ್ದೆ. 19ನೇ ಅಧ್ಯಾಯ, ಯೆಹೂದದ ಅರಸ ಹಿಜ್ಕೀಯನ ಕಥೆ. ಅಶ್ಶೂರದ ಅರಸ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದಿದ್ದಾನೆ. ಕ್ರಿ.ಪೂ. 701ರ ಮಾತು. ಹಿಜ್ಕೀಯ ಮೊದಲು ದುಡ್ಡು ಕೊಟ್ಟು ಸಾಗಹಾಕಲು ನೋಡಿದ್ದ. ದೇವಾಲಯದ ಬಾಗಿಲುಗಳಿಗೆ ಹೊದಿಸಿದ್ದ ಬಂಗಾರವನ್ನೂ ಕಿತ್ತು ಕೊಟ್ಟಿದ್ದ. (ಬಂಗಾರ ಅಡ ಇಟ್ಟವನಿಗೆ ಈ ಸಾಲು ಸುಮ್ನೆ ದಾಟಿ ಹೋಗಲಿಲ್ಲ.) ಅದೂ ಸಾಲಲಿಲ್ಲ. ಕೊನೆಗೆ ಬೆದರಿಕೆಯ ಪತ್ರ ಬಂತು. ನೀನು ನಂಬಿರುವ ದೇವರ ಮಾತಿಗೆ ಮೋಸಹೋಗಬೇಡ, ಬೇರೆ ದೇಶಗಳಿಗೆ ಏನಾಯಿತು ನೋಡು ಅಂತ.

ಹಿಜ್ಕೀಯ ಆ ಪತ್ರವನ್ನು ಓದಿದ. ದೇವಾಲಯಕ್ಕೆ ತೆಗೆದುಕೊಂಡು ಹೋಗಿ ಯೆಹೋವನ ಮುಂದೆ ಬಿಚ್ಚಿ ಹರಡಿದ. ಆಮೇಲೆ ಮಾಡಿದ ಪ್ರಾರ್ಥನೆಯಲ್ಲಿ ಒಂದು ಮಾತಿದೆ: ಅಶ್ಶೂರದ ಅರಸರು ದೇಶಗಳನ್ನು ಹಾಳುಮಾಡಿರುವುದು ನಿಜವೇ. ಅಂದರೆ ಪತ್ರದಲ್ಲಿ ಬರೆದಿರುವುದು ಸುಳ್ಳು ಅನ್ನಲಿಲ್ಲ, ಇದೇನು ದೊಡ್ಡದಲ್ಲ ಅಂತಲೂ ಅನ್ನಲಿಲ್ಲ. ಹೌದು, ಇದು ಇಷ್ಟು ದೊಡ್ಡದಿದೆ, ನೋಡು ಅಂದ.

ಎದ್ದು ಚೀಲ ಇಳಿಸಿದೆ. ಒಳಗಿದ್ದದ್ದನ್ನೆಲ್ಲ ನೆಲದ ಮೇಲೆ ತಾರೀಕಿನ ಪ್ರಕಾರ ಹಾಸಿದೆ. ಹಾಸಿಗೆಯಷ್ಟು ಅಗಲ ಆಯಿತು. ಒಂದೊಂದನ್ನೇ ಎತ್ತಿ, ದೇವರಿಗೆ ಓದಿ ಹೇಳುವ ಹಾಗೆ, ಮೆಲ್ಲಗೆ, ಆದರೆ ಬಾಯಿಬಿಟ್ಟೇ ಓದತೊಡಗಿದೆ. "ಇಂಥ ತಾರೀಕು, ಇಂಜೆಕ್ಷನ್, ಇಷ್ಟು ರೂಪಾಯಿ." ಅವ್ವನಿಗೆ ಎಚ್ಚರವಾಯಿತು.

"ಏನೋ ಇದು, ಮನಿ ತುಂಬ ಚೀಟಿ ಹಾಸ್ಕೊಂಡು ಕುಂತೀಯಲ್ಲ?"

ಅಲ್ಲಿಯವರೆಗೆ ಅವಳಿಗೆ ಸಾಲದ ಲೆಕ್ಕ ಹೇಳಿರಲಿಲ್ಲ. ಅವತ್ತು ಹೇಳಿದೆ. ಪಕ್ಕದಲ್ಲಿ ಕೂತು, ಕನ್ನಡಕ ಹಾಕಿಕೊಂಡು ತಾನೂ ಒಂದೊಂದೇ ಚೀಟಿ ನೋಡಿದಳು. ಒಂದು ಬಿಲ್ಲಿನ ಹತ್ತಿರ ನಿಂತಳು. "ಮಾರ್ಚ್ ಮೂವತ್ತಕ್ಕ ನಾವು ದವಾಖಾನಿಗೆ ಹೋಗೇ ಇಲ್ಲಲ್ಲೋ. ಅವತ್ತು ಗುಡ್ ಫ್ರೈಡೇ. ಶನಿವಾರ ಹೋಗಿದ್ವಿ." ನಿಜ. ಎರಡೂ ದಿನಕ್ಕೆ ಬಿಲ್ ಹಾಕಿದ್ದರು. ಮರುದಿನ ಹೋಗಿ ಕೇಳಿದಾಗ 1,800 ರೂಪಾಯಿ ಕಡಿಮೆ ಮಾಡಿದರು. ದೊಡ್ಡ ಮೊತ್ತ ಏನಲ್ಲ. ಆದರೆ ಒಟ್ಟು ಕೂಡಿಸಿದಾಗ ಸಾಲ 3,18,600 ಬಂತು. ನನ್ನ ತಲೆಯೊಳಗೆ ಐದಾರು ಲಕ್ಷ ಆಗಿ ಕೂತಿದ್ದದ್ದು ಇದೇ. ಮೂರು ಲಕ್ಷವೂ ನನಗೆ ಕಷ್ಟವೇ. ಆದರೂ ಆ ರಾತ್ರಿ ನಾಲ್ಕು ತಾಸು ನಿದ್ದೆ ಬಂತು.

ಅದರ ಮುಂದಿನ ಬುಧವಾರ ಪ್ರಾರ್ಥನೆ ಕೂಟ. ಯಾವಾಗಲೂ "ನಮ್ಮ ಕುಟುಂಬಕ್ಕಾಗಿ ಪ್ರಾರ್ಥಿಸಿ" ಅಂದು ಕೂತುಬಿಡುತ್ತಿದ್ದೆ. ಎಲ್ಲರೂ ತಲೆ ಆಡಿಸುತ್ತಿದ್ದರು, ಅಷ್ಟೇ. ಅವತ್ತು ಸಂಖ್ಯೆ ಹೇಳಿದೆ. ತಿಂಗಳಿಗೆ ಡಯಾಲಿಸಿಸ್‌ಗೆ ಇಷ್ಟು, ಬಡ್ಡಿಗೆ ಇಷ್ಟು, ಅಂಗಡಿಯಿಂದ ಬರುವುದು ಇಷ್ಟು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಕೂಟ ಮುಗಿದ ಮೇಲೆ ನರ್ಸ್ ಆಗಿ ನಿವೃತ್ತರಾದ ಒಬ್ಬ ಅಮ್ಮ ಹತ್ತಿರ ಬಂದು "ನಿಮ್ಮದು ಬಿಪಿಎಲ್ ಕಾರ್ಡ್ ಅಲ್ವಾ?" ಅಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್‌ನವರಿಗೆ ಉಚಿತ ಡಯಾಲಿಸಿಸ್ ಕೊಡುವ ಯೋಜನೆ 2016ರಿಂದಲೇ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಸರದಿ ಸಿಗಲು ಏಳು ವಾರ ಕಾದೆವು. ಸಿಕ್ಕಿತು. ನಾನು ಬಾಯಿಬಿಟ್ಟು ಸಂಖ್ಯೆ ಹೇಳದೆ ಇದ್ದಿದ್ದರೆ ಆ ಅಮ್ಮನೂ ತಲೆ ಆಡಿಸಿ ಮನೆಗೆ ಹೋಗುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ. ಇದೇ ಸಮಯದಲ್ಲಿ ಒಬ್ಬ ಬೋಧಕರು ಮನೆಗೆ ಬಂದು, ಡಯಾಲಿಸಿಸ್ ನಿಲ್ಲಿಸಿ ವಿಶ್ವಾಸದ ಹೆಜ್ಜೆ ಇಡಿ ಅಂದರು. ಅಂಥವರು ನಿಮ್ಮ ಅಪ್ಪನ ಹತ್ತಿರವೂ ಬಂದಾರು. ಕೇಳಬೇಡಿ. ಅದೇ ಹಿಜ್ಕೀಯನಿಗೆ ಒಮ್ಮೆ ಸಾಯುವಷ್ಟು ಕಾಯಿಲೆಯಾಯಿತು. ಗುಣಪಡಿಸುತ್ತೇನೆ ಅಂತ ದೇವರೇ ಮಾತು ಕೊಟ್ಟ ಮೇಲೂ ಯೆಶಾಯ ಪ್ರವಾದಿ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದ. ಔಷಧಿ ಬೇಡ ಅನ್ನಲಿಲ್ಲ.

ಇನ್ನು ವಾಗ್ದಾನದ ಕಾರ್ಡುಗಳು. ಹೊಸ ವರ್ಷದ ಆರಾಧನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ವಚನ ಕೊಡುತ್ತಾರಲ್ಲ, ಅದರಲ್ಲಿ ಯೆರೆಮೀಯ 29:11 ಜಾಸ್ತಿ. ದೇವರು ನಿಮಗೆ ಒಳ್ಳೆಯದನ್ನೇ ಯೋಚಿಸಿದ್ದಾನೆ ಅನ್ನುವ ವಚನ. ಅದರ ಹಿಂದಿನ ವಚನವನ್ನು ಯಾರೂ ಕಾರ್ಡ್ ಮೇಲೆ ಅಚ್ಚು ಹಾಕಿಸುವುದಿಲ್ಲ. ಸೆರೆಯಾಗಿ ಹೋದವರಿಗೆ ಬಾಬೆಲಿನಲ್ಲಿ 70 ವರ್ಷ ಕಳೆಯಬೇಕು ಅಂತ ಅಲ್ಲಿದೆ. ನನಗೆ ಕಾರ್ಡುಗಳ ಮೇಲೆ ಕೋಪವಿಲ್ಲ, ನಮ್ಮ ಫ್ರಿಜ್ಜಿನ ಮೇಲೂ ಒಂದಿದೆ. ಎರಡನ್ನೂ ಓದಿಕೊಳ್ಳಿ ಅಷ್ಟೇ.

ನಿಮಗೆ ಸುಳ್ಳು ಹೇಳಬಾರದು, ಅದಕ್ಕೇ ಇದನ್ನೂ ಬರೆಯುತ್ತೇನೆ. ಹಿಜ್ಕೀಯ ಇದ್ದ ಯೆರೂಸಲೇಮ್ ಉಳಿಯಿತು, ಅದೇ ಯೆಹೂದದ ಇನ್ನೊಂದು ಕೋಟೆ ಊರು ಲಾಕೀಷ್ ಉಳಿಯಲಿಲ್ಲ. ಕೋಟೆ ಇದ್ದ 46 ಊರು ಗೆದ್ದೆ ಅಂತ ಸನ್ಹೇರೀಬ ತನ್ನ ಶಾಸನದಲ್ಲಿ ಕೊಚ್ಚಿಕೊಂಡಿದ್ದಾನೆ. ಲಾಕೀಷನ್ನು ಹಿಡಿದ ದೃಶ್ಯವನ್ನು ಕಲ್ಲಿನಲ್ಲಿ ಕೆತ್ತಿಸಿದ, ಆ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಲಾಕೀಷಿನಲ್ಲಿಯೂ ಪ್ರಾರ್ಥನೆ ಮಾಡಿದವರು ಇದ್ದಿರಲೇಬೇಕು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಅವ್ವನೂ 2019ರ ನವೆಂಬರಿನಲ್ಲಿ ತೀರಿಕೊಂಡಳು. ಗುಣವಾಗಲಿ ಅಂತಲೇ ನಾವು ಕೇಳಿದ್ದು.

ಆ ಒಂದೂವರೆ ವರ್ಷದಲ್ಲಿ ನನ್ನ ಬೆಳಗಿನ ಪ್ರಾರ್ಥನೆ ಮಾತ್ರ ಬದಲಾಯಿತು. ಡಯಾಲಿಸಿಸ್‌ಗೆ ಅಂತ ಅವ್ವನ ಎಡಗೈಯಲ್ಲಿ ರಕ್ತನಾಳಗಳನ್ನು ಸೇರಿಸಿ ಫಿಸ್ಟುಲಾ ಮಾಡಿದ್ದರು. ಅದು ಸರಿಯಾಗಿದ್ದರೆ ಬೆರಳಿಟ್ಟಾಗ ಗುಂಯ್ ಅಂತ ನಡುಗುತ್ತದೆ, ಬೆಂಕಿಪೊಟ್ಟಣದೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ದಿನಾ ಒಂದು ಸಲ ಮುಟ್ಟಿ ನೋಡಿ ಅಂತ ಟೆಕ್ನಿಷಿಯನ್ ಹೇಳಿಕೊಟ್ಟಿದ್ದರು. ಅಂಗಡಿಗೆ ಹೊರಡುವ ಮೊದಲು ಅಲ್ಲಿ ಬೆರಳಿಟ್ಟು, ಅವತ್ತಿನ ಕೆಲಸ ಏನೇನಿದೆಯೋ ಅದನ್ನಷ್ಟೇ ದೇವರಿಗೆ ಹೇಳುತ್ತಿದ್ದೆ. ಇವತ್ತು ಕಂತಿನ ದಿನ. ಇವತ್ತು ಪಂಪ್‌ಸೆಟ್ಟಿನವನು ದುಡ್ಡು ಕೊಡುತ್ತೇನೆ ಅಂದಿದ್ದಾನೆ, ಕೊಡಲಿ. ನಾಳೆಯದನ್ನು ನಾಳೆ ಹೇಳುತ್ತಿದ್ದೆ. ಭಯ ಇರುತ್ತಿತ್ತು. ಆದರೂ ಅಂಗಡಿ ಬಾಗಿಲು ತೆಗೆಯುತ್ತಿದ್ದೆ.

ನೀವು "ಬದುಕೇ ಸಾಕಾಗಿದೆ" ಅಂತಲೂ ಒಂದು ಕಡೆ ಬರೆದಿದ್ದೀರಿ. ಅದು ಬರೀ ಬೇಸರದ ಮಾತಲ್ಲದಿದ್ದರೆ ಇವತ್ತೇ ಮನೆಯವರಿಗೆ ಹೇಳಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಪ್ರವಾದಿ ಎಲೀಯನೂ ಸಾವು ಕೊಡು ಅಂತ ಬೇಡಿ ಒಂದು ಗಿಡದ ಕೆಳಗೆ ಮಲಗಿಬಿಟ್ಟಿದ್ದ. ದೇವದೂತ ಬಂದು ಬುದ್ಧಿ ಹೇಳಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ ತಿನ್ನಿಸಿದ. ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ತಿನ್ನಿಸಿದ. ನೀವು ಊಟ ಮಾಡಿದ್ದೀರಾ?

ಬ್ಯಾಂಕಿನ ನೋಟಿಸ್ ಬಂದಿದೆ ಅಂದಿರಿ, ಅದರಲ್ಲಿ ಏನಿದೆ ಅಂತ ಬರೆದಿಲ್ಲ. ಪೂರ್ತಿ ಓದಿದ್ದೀರಾ, ಅಥವಾ ನನ್ನ ಹಾಗೆ ಎಲ್ಲಾದರೂ ಮೇಲೆ ಎಸೆದಿದ್ದೀರಾ? ಇವತ್ತು ರಾತ್ರಿ ಅದನ್ನು ಬಿಚ್ಚಿ ಮುಂದೆ ಇಟ್ಟುಕೊಂಡು ಪ್ರಾರ್ಥನೆಗೆ ಕೂತುಕೊಳ್ಳಿ. ಉತ್ತರ ಕೊಡಲು ಎಷ್ಟು ದಿನ ಟೈಮ್ ಕೊಟ್ಟಿದ್ದಾರೆ ಅಂತ ನೋಡಿ ಇಲ್ಲಿ ಕೆಳಗೆ ಹಾಕಿ. ಬ್ಯಾಂಕಿನ ಕೆಲಸ ಬಲ್ಲವರು ಒಬ್ಬರು ನಮ್ಮ ಸಭೆಯಲ್ಲಿದ್ದಾರೆ, ಕೇಳಿ ಹೇಳುತ್ತೇನೆ.