ಅಶ್ವತ್ಥಾಮನ ಶಾಪದ ಅವಧಿ ಮುಗಿದ ಮೇಲೆ ಕಥೆ ಶುರುಮಾಡಿ

ಫ್ಯಾಂಟಸಿ ಕಾದಂಬರಿಗೆ ಸಪ್ತ ಚಿರಂಜೀವಿಗಳಲ್ಲಿ ಯಾರನ್ನು ಆರಿಸಿಕೊಳ್ಳಲಿ ಎಂದು ಕೇಳಿದ್ದೀರಿ. ಸಾವೇ ಇಲ್ಲದವನಿಗೆ ಏನಾದೀತೋ ಎಂಬ ಆತಂಕ ಓದುಗರಿಗೆ ಹುಟ್ಟುವುದು ಹೇಗೆ ಎಂಬ ನಿಮ್ಮ ಅಳುಕೂ ನ್ಯಾಯವಾದದ್ದೇ. ನಾನಾದರೆ ಅಶ್ವತ್ಥಾಮನನ್ನು ಆರಿಸುತ್ತೇನೆ. ಅವನೊಬ್ಬನನ್ನೇ ಅಲ್ಲ, ಅವನ ಸೋದರಮಾವ ಕೃಪನನ್ನೂ.

ಮಹಾಭಾರತದ ಸೌಪ್ತಿಕಪರ್ವವನ್ನು, ಅಂದರೆ ಪಾಂಡವರ ಪಾಳೆಯದ ಮೇಲೆ ಅಶ್ವತ್ಥಾಮ ರಾತ್ರಿ ನಡೆಸಿದ ದಾಳಿಯ ಭಾಗವನ್ನು, ಒಮ್ಮೆ ಪೂರ್ತಿ ಓದಿ. ಮಲಗಿದವರನ್ನು ಕೊಲ್ಲುವುದು ಅಧರ್ಮ ಎಂದು ಕೃಪ ಅಳಿಯನಿಗೆ ಪರಿಪರಿಯಾಗಿ ಬುದ್ಧಿ ಹೇಳುತ್ತಾನೆ. ಅವನು ಕಿವಿಗೆ ಹಾಕಿಕೊಳ್ಳದೆ ರಥ ಏರಿದಾಗ ತಾನೂ ಹಿಂದೆ ಹೊರಡುತ್ತಾನೆ. ಒಳಗೆ ಅಶ್ವತ್ಥಾಮ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐವರು ಮಕ್ಕಳನ್ನೂ ಕೊಲ್ಲುತ್ತಿದ್ದರೆ, ಕೃಪ ಮತ್ತು ಕೌರವರ ಕಡೆಯ ಯೋಧ ಕೃತವರ್ಮ ಪಾಳೆಯದ ಬಾಗಿಲಲ್ಲಿ ನಿಂತು ತಪ್ಪಿಸಿಕೊಂಡು ಬಂದವರನ್ನು ಕಡಿಯುತ್ತಾರೆ, ಬೆಂಕಿಯನ್ನೂ ಇಡುತ್ತಾರೆ. ಆಮೇಲೆ ಕೃಷ್ಣನ ಶಾಪ: ರಕ್ತ, ಕೀವಿನ ನಾತ ಹೊತ್ತು, ಮಾತಿಗೊಬ್ಬರಿಲ್ಲದೆ 3000 ವರ್ಷ ಅಲೆ. ಅಶ್ವತ್ಥಾಮನ ಅಸ್ತ್ರಕ್ಕೆ ಗರ್ಭದಲ್ಲೇ ಸಾಯುವ ಪಾಂಡವರ ಮೊಮ್ಮಗ ಪರೀಕ್ಷಿತನನ್ನು ತಾನು ಬದುಕಿಸುತ್ತೇನೆ, ಅವನು ಕೃಪನಿಂದ ಅಸ್ತ್ರವಿದ್ಯೆ ಕಲಿಯುತ್ತಾನೆ ಎಂದೂ ಅಲ್ಲೇ ಹೇಳುತ್ತಾನೆ. ಅದೇ ರಾತ್ರಿಯ ರಕ್ತ ಇಬ್ಬರ ಕೈಯಲ್ಲೂ ಇದೆ. ಒಬ್ಬ ಕಾಡುಪಾಲಾದ, ಇನ್ನೊಬ್ಬ ಅರಮನೆಯಲ್ಲಿ ಗುರುವಾದ. ಇಬ್ಬರಿಗೂ ಸಾವಿಲ್ಲ. ಎಂದಾದರೂ ಎದುರುಬದುರಾದರೆ ಏನು ಮಾತಾಡಿಯಾರು? ನನ್ನನ್ನು ಬಹಳ ಕಾಡುವ ಪ್ರಶ್ನೆ ಇದು.

ಆ 3000 ಎಂಬ ಸಂಖ್ಯೆಯನ್ನು ಬಿಡಬೇಡಿ. ಕಲಿಯುಗದ ಕೊನೆಯವರೆಗೂ ಅಲೆಯುತ್ತಾನೆ ಎಂದೇ ಜನ ಹೇಳುವುದು ಹೆಚ್ಚು. ಆದರೆ ಸೌಪ್ತಿಕಪರ್ವ ಕೊಡುವುದು 3000 ವರ್ಷಗಳ ಗಡುವು. ಸಾಂಪ್ರದಾಯಿಕ ಲೆಕ್ಕದಂತೆ ಕಲಿಯುಗ ಶುರುವಾದದ್ದು ಕ್ರಿ.ಪೂ. 3102ರಲ್ಲಿ, ಯುದ್ಧ ಅದಕ್ಕೂ ಮೊದಲು. ಅಂದರೆ ಶಿಕ್ಷೆ ಮುಗಿದು 2000 ವರ್ಷಕ್ಕೂ ಮೇಲಾಯಿತು. ಇನ್ನೂ ಅಲೆಯುತ್ತಿದ್ದಾನೆ ಎಂದಾದರೆ ಯಾಕೆ? ಬಿಡುಗಡೆಯಾದದ್ದು ಅವನಿಗೇ ತಿಳಿದಿಲ್ಲವೇ, ತಿಳಿದೂ ನಿಲ್ಲಲಾರನೇ? ಮುಂದಿನದೂ ಗೊತ್ತಾಗಿಹೋಗಿದೆ: ಮುಂದೆ ಬರಲಿರುವ ಎಂಟನೆಯ ಮನ್ವಂತರದ (ಒಬ್ಬ ಮನುವಿನ ಕಾಲಾವಧಿಯ) ಸಪ್ತರ್ಷಿಗಳ ಪಟ್ಟಿಯಲ್ಲಿ ವಿಷ್ಣುಪುರಾಣ ಕೃಪನ ಜೊತೆಗೇ ಅಶ್ವತ್ಥಾಮನನ್ನೂ ಹೆಸರಿಸುತ್ತದೆ. ಮಲಗಿದ್ದವರನ್ನು ಕೊಂದವನು ಋಷಿಯಾಗುವ ದಾರಿಯನ್ನು ಪುರಾಣ ವಿವರಿಸುವುದಿಲ್ಲ. ಆ ಖಾಲಿ ಜಾಗ ನಿಮ್ಮದು.

ನಿಮ್ಮ ಅಳುಕಿಗೆ ಪರಿಹಾರವೂ ಇಲ್ಲೇ ಇದೆ. ನಮ್ಮ ಕಥೆಗಳಲ್ಲಿ ದೀರ್ಘಾಯುಷ್ಯಕ್ಕೆ ಒಂದು ಕಟ್ಟು ಇರುತ್ತದೆ. ಲೋಕದಲ್ಲಿ ರಾಮಕಥೆ ನಡೆಯುವಷ್ಟು ಕಾಲ ಹನುಮಂತನ ಬದುಕು; ಆ ಕಥೆಯನ್ನು ಅಳಿಸಲು ಹೊರಟ ಖಳನಾಯಕ ಅವನಿಗೆ ಎಂಥ ಅಪಾಯ ನೋಡಿ! ವಿಭೀಷಣ ಬ್ರಹ್ಮನಲ್ಲಿ ಕೇಳಿದ್ದು ಧರ್ಮ ಬಿಡದ ಮನಸ್ಸನ್ನು, ಅಮರತ್ವ ಕೇಳದೆಯೇ ಬಂತು. ಬಲಿ ಚಕ್ರವರ್ತಿ ಸುತಲವೆಂಬ ಕೆಳಲೋಕದಲ್ಲಿ ತನ್ನ ಇಂದ್ರಪದವಿಯ ಸರದಿಗೆ ಕಾಯುತ್ತಿದ್ದಾನೆ.

ಪೋಷಕ ಪಾತ್ರಗಳು ಬೇಕಿದ್ದರೆ ವನಪರ್ವದ ಇಂದ್ರದ್ಯುಮ್ನನ ಕಥೆ ನೋಡಿ. ಭೂಮಿಯಲ್ಲಿ ತನ್ನ ಕೀರ್ತಿ ಮರೆತುಹೋದ ಕಾರಣ ಈ ರಾಜ ಸ್ವರ್ಗದಿಂದ ಬೀಳುತ್ತಾನೆ. ದೀರ್ಘಾಯುಷಿ ಋಷಿ ಮಾರ್ಕಂಡೇಯನಿಗೆ ಅವನ ಗುರುತಿಲ್ಲ. ಅವನಿಗಿಂತ ಹಳೆಯ ಗೂಬೆಯನ್ನು ಕೇಳುತ್ತಾರೆ, ಅದಕ್ಕಿಂತ ಹಳೆಯ ಕೊಕ್ಕರೆಯನ್ನು ಕೇಳುತ್ತಾರೆ, ಇಲ್ಲ. ಕೊನೆಗೆ ಅಕೂಪಾರ ಎಂಬ ಆಮೆ ಕಣ್ಣೀರು ತುಂಬಿಕೊಂಡು, ಇವನನ್ನು ಹೇಗೆ ಮರೆಯಲಿ, ನಾನಿರುವ ಈ ಸರೋವರ ಇವನು ದಾನ ಕೊಟ್ಟ ಗೋವುಗಳ ತುಳಿತದಿಂದಲೇ ಆದದ್ದು ಎನ್ನುತ್ತದೆ. ಆ ಒಂದು ನೆನಪಿನಿಂದ ಇಂದ್ರದ್ಯುಮ್ನನಿಗೆ ಮತ್ತೆ ಸ್ವರ್ಗ. ನಿಮ್ಮ ಲೋಕದಲ್ಲೂ ಚಿರಂಜೀವಿಗಳು ಒಬ್ಬರಿಗಿಂತ ಒಬ್ಬರು ಹಳಬರಾಗಿರಲಿ, ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರಲಿ.

ಮೊದಲ ಅಧ್ಯಾಯವನ್ನು ಕೃಪನ ಬಾಯಲ್ಲಿ ಹೇಳಿಸಿ ನೋಡಿ. ಪರೀಕ್ಷಿತ ಬಿಲ್ಲು ಕಲಿಯುವ ಹುಡುಗ, ಒಂದು ದಿನ ಗುರುವನ್ನು ಕೇಳುತ್ತಾನೆ: ಆ ರಾತ್ರಿ ನೀವು ಎಲ್ಲಿದ್ದಿರಿ?