ಊರಿನಲ್ಲಿರುವ ತಂದೆ-ತಾಯಿಯ ಹಳೆಯ ಟಿವಿಗೆ ಯಾವ ಕಂಪನಿಯ ಸ್ಟ್ರೀಮಿಂಗ್ ಸ್ಟಿಕ್ ಒಳ್ಳೆಯದು? 4ಕೆ ಕೊಳ್ಳಬೇಕೇ?

ಜಮಖಂಡಿಯ ಮನೆ, ಎಂಟು ವರ್ಷದ ಹಳೆಯ ಫುಲ್ ಎಚ್‌ಡಿ ಟಿವಿ, ದೂರದ ಪುಣೆಯಲ್ಲಿ ನಿಮ್ಮ ನೌಕರಿ, ದೀಪಾವಳಿಗೆ ಹೋದಾಗ ಎರಡು ದಿನದಲ್ಲಿ ಎಲ್ಲವನ್ನೂ ಜೋಡಿಸಿಕೊಟ್ಟು ಬರಬೇಕೆಂಬ ಆಸೆ. ಊರಿನ ಹೆಸರನ್ನು ಗುಳೇದಗುಡ್ಡ ಎಂದೂ ನೌಕರಿಯ ಊರನ್ನು ಬೆಳಗಾವಿ ಎಂದೂ ಬದಲಿಸಿದರೆ ಇದು ಕೆಲವು ವರ್ಷಗಳ ಹಿಂದೆ ನಾನೇ ಕೇಳಬಹುದಾಗಿದ್ದ ಪ್ರಶ್ನೆ. ನಾನೂ ಆಗ ಟಿವಿಗೆ ಚುಚ್ಚಿ ಇಂಟರ್ನೆಟ್ಟಿನ ವಿಡಿಯೊ ನೋಡುವ ಈ ಸ್ಟಿಕ್ ಯಾವ ಕಂಪನಿಯದಿರಬೇಕು, ಫುಲ್ ಎಚ್‌ಡಿಗಿಂತ ಸೂಕ್ಷ್ಮ ಚಿತ್ರದ 4ಕೆ ಬೇಕೋ ಬೇಡವೋ ಎಂಬುದನ್ನೇ ಹದಿನೈದು ದಿನ ಓದಿದೆ. ಆ ಹದಿನೈದು ದಿನಗಳಲ್ಲಿ ಒಮ್ಮೆಯೂ ಯೋಚಿಸದೆ ಬಿಟ್ಟ ಒಂದು ಸಣ್ಣ ವಿಷಯದಿಂದ ಎರಡೂವರೆ ತಿಂಗಳು ನಮ್ಮ ಮನೆಯಲ್ಲಿ ಟಿವಿ ಇದ್ದೂ ಇಲ್ಲದಂತಾಯಿತು.

ನಮ್ಮ ಅಪ್ಪ ನಿವೃತ್ತ ಶಿಕ್ಷಕರು. ಅವರಿಗೆ ಧಾರಾವಾಹಿ ಬೇಡ, ಸುದ್ದಿಯೂ ಅಷ್ಟಕ್ಕಷ್ಟೇ. ಬೆಳಗಿನ ಜಾವ ಎದ್ದು ಹಿಂದೂಸ್ತಾನಿ ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರ, ಬಸವರಾಜ ರಾಜಗುರು ಅವರ ಹಳೆಯ ಧ್ವನಿಮುದ್ರಣಗಳನ್ನು ಯೂಟ್ಯೂಬಿನಲ್ಲಿ ಕೇಳುವುದು ಅವರ ಸುಖ. ಅಲ್ಲಿಯವರೆಗೆ ಮೊಬೈಲಿನ ಸಣ್ಣ ಸ್ಪೀಕರಿಗೆ ಕಿವಿ ಹಚ್ಚಿ ಕೇಳುತ್ತಿದ್ದ ಅವರಿಗೆ ಟಿವಿಯಲ್ಲಿ ದೊಡ್ಡದಾಗಿ ಕೇಳಿಸಬೇಕೆಂದೇ ನಾನು ದೀಪಾವಳಿಗೆ ಸ್ಟಿಕ್ ತೆಗೆದುಕೊಂಡು ಹೋದದ್ದು.

ಟಿವಿ ಪಡಸಾಲೆಯ ಗೋಡೆಗೆ ಬಡಿದಿತ್ತು. ಸ್ವಿಚ್ ಬೋರ್ಡು ಇನ್ನೊಂದು ಮೂಲೆಯಲ್ಲಿ, ಬಾಗಿಲಿನ ಪಕ್ಕದಲ್ಲಿತ್ತು. ಹಬ್ಬಕ್ಕೆಂದು ಅವ್ವ ಆಗಷ್ಟೇ ಗೋಡೆಗೆ ಬಣ್ಣ ಹೊಡೆಸಿದ್ದಳು. ಆ ಹೊಸ ಬಣ್ಣದ ಮೇಲೆ ಇನ್ನೊಂದು ಕರಿ ವಯರು ಎಳೆಯಲು ನನಗೆ ಮನಸ್ಸಾಗಲಿಲ್ಲ. ಟಿವಿಯ ಹಿಂದೆ, ಸ್ಟಿಕ್ ಸಿಕ್ಕಿಸುವ ಎಚ್‌ಡಿಎಂಐ ಕಿಂಡಿಯ ಪಕ್ಕದಲ್ಲಿಯೇ, ಪೆನ್‌ಡ್ರೈವ್ ಹಾಕುವ ಯುಎಸ್‌ಬಿ ಕಿಂಡಿ ಇತ್ತು. ಸ್ಟಿಕ್ಕಿನ ವಯರನ್ನು ಅದಕ್ಕೆ ಚುಚ್ಚಿದೆ, ಪರದೆ ಬೆಳಗಿತು, ಹೊರಗೆ ಒಂದು ಎಳೆ ವಯರೂ ಕಾಣಲಿಲ್ಲ. ಪೆಟ್ಟಿಗೆಯಲ್ಲಿ ಬಂದಿದ್ದ ಅಡಾಪ್ಟರನ್ನು ಹಾಗೆಯೇ ಅಟ್ಟದ ಮೇಲಿಟ್ಟೆ. ನನ್ನ ತಪ್ಪು ಇದೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ತಪ್ಪೆಂದು ನೋಡಿದವರಿಗೆ ಅನ್ನಿಸುವುದಿಲ್ಲ.

ಹಳೆಯ ಟಿವಿಗಳ ಯುಎಸ್‌ಬಿ ಕಿಂಡಿ ಸಾಮಾನ್ಯವಾಗಿ ಯುಎಸ್‌ಬಿ 2.0 ದರ್ಜೆಯದು. ಆ ದರ್ಜೆಯ ನಿಯಮದಂತೆ ಅದು ಕೊಡಬೇಕಾದದ್ದು 5 ವೋಲ್ಟಿನಲ್ಲಿ 0.5 ಆಂಪಿಯರ್, ಅಂದರೆ 2.5 ವ್ಯಾಟ್. ಪೆನ್‌ಡ್ರೈವಿಗೆ ಅದು ಧಾರಾಳವಾಗಿ ಸಾಕು. ಆದರೆ ನನ್ನ ಸ್ಟಿಕ್ಕಿನ ಅಡಾಪ್ಟರಿನ ಮೇಲೆ 5 ವೋಲ್ಟ್, 1 ಆಂಪಿಯರ್, ಅಂದರೆ 5 ವ್ಯಾಟ್ ಎಂದು ಅಚ್ಚಾಗಿತ್ತು. ಮುಖಪುಟದಲ್ಲಿ ಸುಮ್ಮನೆ ಕುಳಿತಾಗ ಸ್ಟಿಕ್ ಕಡಿಮೆ ವಿದ್ಯುತ್ ಎಳೆಯುತ್ತದೆ, ಆದ್ದರಿಂದ ಎಲ್ಲವೂ ಸರಿಯಿದ್ದಂತೆಯೇ ತೋರುತ್ತದೆ. ವಿಡಿಯೊ ಓಡತೊಡಗಿ, ಒಂದು ಕಡೆ ವೈಫೈ ಎಳೆದುಕೊಳ್ಳುತ್ತ ಇನ್ನೊಂದು ಕಡೆ ಚಿಪ್ ಚಿತ್ರವನ್ನು ಬಿಡಿಸತೊಡಗಿದಾಗ ಬೇಡಿಕೆ ಒಮ್ಮೆಲೇ ಏರುತ್ತದೆ. ಕಿಂಡಿಗೆ ಅಷ್ಟು ಕೊಡುವ ಶಕ್ತಿ ಇಲ್ಲದಿದ್ದರೆ ವೋಲ್ಟೇಜ್ ಕುಸಿದು ಸ್ಟಿಕ್ ತಾನಾಗಿಯೇ ಆರಿ ಮತ್ತೆ ಮೊದಲಿನಿಂದ ಹೊತ್ತಿಕೊಳ್ಳುತ್ತದೆ. ವಯರು ತೆಳ್ಳಗೆ, ಉದ್ದವಾಗಿದ್ದರೆ ದಾರಿಯಲ್ಲಿಯೇ ಇನ್ನಷ್ಟು ವೋಲ್ಟೇಜ್ ಸೋರಿಹೋಗುತ್ತದೆ. ಇನ್ನೊಂದು ತೊಂದರೆಯೂ ಉಂಟು. ಬಹಳಷ್ಟು ಟಿವಿಗಳು ಆರಿದ ಕೂಡಲೇ ಯುಎಸ್‌ಬಿ ಕಿಂಡಿಯನ್ನೂ ಆರಿಸಿಬಿಡುತ್ತವೆ. ಹೀಗಾಗಿ ಪ್ರತಿ ಸಲ ಟಿವಿ ಹಚ್ಚಿದಾಗ ಸ್ಟಿಕ್ ಮೊದಲಿನಿಂದ ಏಳಬೇಕು, ಟಿವಿ ಆರಿದ್ದಾಗ ತನ್ನಷ್ಟಕ್ಕೆ ಮಾಡಿಕೊಳ್ಳಬೇಕಾದ ಸಾಫ್ಟ್‌ವೇರ್ ಅಪ್‌ಡೇಟ್‌ಗಳಿಗೂ ಅವಕಾಶ ಸಿಗುವುದಿಲ್ಲ.

ವಿದ್ಯುತ್ ಸಾಲುತ್ತಿಲ್ಲ, ಜೊತೆಗೆ ಬಂದ ಅಡಾಪ್ಟರನ್ನು ಬಳಸಿ ಎಂದು ಪರದೆಯ ಮೇಲೆ ಮೊದಲ ದಿನವೇ ಸೂಚನೆ ಬಂದಿತ್ತು. ಅದನ್ನು ಓದಿ, ಚಿತ್ರವಂತೂ ಬರುತ್ತಿದೆಯಲ್ಲ ಎಂದುಕೊಂಡು ನಾನು ಸರಿ ಎಂಬ ಗುಂಡಿ ಒತ್ತಿ ಮುಂದೆ ಹೋದೆ.

ನಾನು ಬೆಳಗಾವಿಗೆ ಮರಳಿದ ಮೂರನೆಯ ದಿನ ಅವ್ವನ ಫೋನು ಬಂತು. "ಯಪ್ಪಾ, ಅದು ಮತ್ತ ಕರ್ರಗಾತು ನೋಡು. ನಿಮ್ಮ ಅಪ್ಪಾರು ಸುಮ್ಮ ಎದ್ದು ಹೊರಗ ಹೋದ್ರು." ಆಲಾಪ ಕಟ್ಟಿಕೊಂಡು ಬರುವ ಹೊತ್ತಿಗೆ ಪರದೆ ಕಪ್ಪಾಗಿ ಕಂಪನಿಯ ಗುರುತು ಮೂಡುತ್ತಿತ್ತು. ನಾನು ಮೊದಲು ಇಂಟರ್ನೆಟ್ಟನ್ನು ದೂರಿ, 30 ಎಂಬಿಪಿಎಸ್ ಇದ್ದ ಅದರ ವೇಗವನ್ನು 100ಕ್ಕೆ ಏರಿಸಿದೆ. ಅದರ ಅಗತ್ಯ ಕಿಂಚಿತ್ತೂ ಇರಲಿಲ್ಲ. ನೆಟ್‌ಫ್ಲಿಕ್ಸ್ ತಾನೇ ಹೇಳುವ ಲೆಕ್ಕದಲ್ಲಿ 1080ಪಿ, ಅಂದರೆ ಫುಲ್ ಎಚ್‌ಡಿ ಚಿತ್ರಕ್ಕೆ 5, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಆಯಿತು. ಆಮೇಲೆ ಒಂದು ತಾಸು ಫೋನಿನಲ್ಲಿ ಕುಳಿತು ಅಪ್ಪನ ಕೈಯಿಂದ, ಸ್ಟಿಕ್ಕನ್ನು ಹೊಸದಾಗಿ ಬಂದ ಸ್ಥಿತಿಗೆ ತರುವ ಫ್ಯಾಕ್ಟರಿ ರೀಸೆಟ್ ಮಾಡಿಸಿದೆ. ಆಗಲೂ ನಿಲ್ಲದಿದ್ದಾಗ ಸ್ಟಿಕ್ಕೇ ಕೆಟ್ಟದ್ದೆಂದು ತೀರ್ಮಾನಿಸಿ, ಹೆಚ್ಚುಕಡಿಮೆ ಎರಡು ಪಟ್ಟು ಬೆಲೆಯ 4ಕೆ ಮಾದರಿಯನ್ನು ಕೊಂಡು ಅದೇ ಕಿಂಡಿಗೆ ಚುಚ್ಚಿ ಬಂದೆ. ಅದು ಇನ್ನೂ ಹೆಚ್ಚು ವಿದ್ಯುತ್ ಬೇಡುವ ಸಾಧನ, ಆದ್ದರಿಂದ ಮೊದಲಿನದಕ್ಕಿಂತ ಬೇಗ ಬೇಗ ಆರತೊಡಗಿತು. ಅಪ್ಪ ಒಂದು ಮಾತೂ ಆಡಲಿಲ್ಲ. "ಏನೂ ಆಗಿಲ್ಲ ಬಿಡು" ಎಂದು ಮತ್ತೆ ಮೊಬೈಲನ್ನೇ ಕಿವಿಗೆ ಹಚ್ಚಿಕೊಂಡರು. ಹೋದ ಹಣಕ್ಕಿಂತ ಆ ಮಾತು ನನಗೆ ಇಂದಿಗೂ ನೋಯಿಸುತ್ತದೆ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆಂದು ಊರಿಗೆ ಹೋದಾಗ, ಪಕ್ಕದ ಓಣಿಯಲ್ಲಿ ವಿದ್ಯುತ್ ಮಗ್ಗಗಳ ಮೋಟಾರು ದುರಸ್ತಿ ಮಾಡುವ ಹುಡುಗ ಚಹಾಕ್ಕೆ ಬಂದಿದ್ದ. ಪರದೆ ಕಪ್ಪಾದದ್ದನ್ನು ನೋಡಿ ಅವನು ಕಂಪನಿ ಯಾವುದೆಂದು ಕೇಳಲಿಲ್ಲ, ಇಂಟರ್ನೆಟ್ ಎಷ್ಟೆಂದು ಕೇಳಲಿಲ್ಲ. "ಅಣ್ಣಾರ, ಇದಕ್ಕ ಕರೆಂಟ್ ಎಲ್ಲಿಂದ ಕೊಟ್ಟೀರಿ?" ಎಂದಷ್ಟೇ ಕೇಳಿದ. ಅಟ್ಟದ ಮೇಲಿನ ಅಡಾಪ್ಟರನ್ನು ಇಳಿಸಿ, ಎಕ್ಸ್‌ಟೆನ್ಷನ್ ಬೋರ್ಡು ಎಳೆದು ಹಚ್ಚಿದೆವು. ಅಂದು ಸಂಜೆ ಮೂರು ತಾಸು ಸತತವಾಗಿ ಓಡಿತು. ಮರುದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಟಿವಿಯ ಹಿಂದೆಯೇ ಒಂದು ಸಾಕೆಟ್ ಕೂರಿಸಿದೆ. ಗೋಡೆಗೆ ಬಣ್ಣದ ತೇಪೆಯನ್ನು ಅವ್ವನೇ ಹಚ್ಚಿಸಿದಳು.

ಆದ್ದರಿಂದ ಕಂಪನಿ ಯಾವುದು ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹೆಸರಾಂತ ಯಾವುದೇ ಕಂಪನಿಯ ಫುಲ್ ಎಚ್‌ಡಿ ಸ್ಟಿಕ್ ನಿಮ್ಮ ಕೆಲಸಕ್ಕೆ ಸಾಕು. ನಿಮ್ಮ ಟಿವಿಯ ಪರದೆಯಲ್ಲಿರುವುದೇ 1920 × 1080 ಚುಕ್ಕಿಗಳು. 4ಕೆ ಸಾಧನ ಎಷ್ಟೇ ಸೂಕ್ಷ್ಮವಾದ ಚಿತ್ರ ತಂದರೂ ಆ ಪರದೆ ಅದನ್ನು ತೋರಿಸಲಾರದು. ಮುಂದೆ ಟಿವಿ ಬದಲಿಸಿದಾಗ ಬೇಕಾಗಬಹುದು ಎಂಬ ವಾದವನ್ನು ನಾನೂ ಮಾಡಿಕೊಂಡಿದ್ದೆ, ಆ ಟಿವಿ ಇನ್ನೂ ಅದೇ ಗೋಡೆಯ ಮೇಲಿದೆ. ನೋಡಬೇಕಾದದ್ದು ರಿಮೋಟನ್ನು: ವಯಸ್ಸಾದವರ ಹೆಬ್ಬೆರಳಿಗೆ ಗುಂಡಿಗಳು ಸಿಗುತ್ತವೆಯೇ, ಅದೇ ರಿಮೋಟಿನಿಂದ ಟಿವಿಯ ಧ್ವನಿ ಏರಿಳಿಸಬಹುದೇ, ಮನೆಯವರು ನೋಡುವ ಆ್ಯಪ್‌ಗಳೆಲ್ಲ ಅದರಲ್ಲಿ ಸಿಗುತ್ತವೆಯೇ ಎಂಬುದನ್ನು. ಯಾರಾದರೂ ಇಂಥದ್ದೇ ಸಾಧನವಾದ ಹಳೆಯ ಕ್ರೋಮ್‌ಕಾಸ್ಟ್ ಕಡಿಮೆ ಬೆಲೆಗೆ ಕೊಡುತ್ತೇನೆಂದರೆ, ಗೂಗಲ್ ಅದರ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿರುವುದನ್ನು ನೆನಪಿಡಿ.

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಪೆಟ್ಟಿಗೆಯನ್ನು ಮಾತ್ರ ಮನೆಯೊಳಗೆ ತರಬೇಡಿ. ಪ್ರಮಾಣೀಕರಣವಿಲ್ಲದ ಇಂಥ ಪೆಟ್ಟಿಗೆಗಳಲ್ಲಿ ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಓಡಿದರೂ, ಮೇಲೆ 4ಕೆ ಎಂದು ಬರೆದಿದ್ದರೂ, ಸಾಮಾನ್ಯವಾಗಿ 480ಪಿಯಷ್ಟು ಮಸುಕಾದ ಚಿತ್ರವನ್ನೇ ಕೊಡುತ್ತವೆ. ಅಪಾಯ ಅಲ್ಲಿಗೇ ನಿಲ್ಲುವುದಿಲ್ಲ: ಕಾರ್ಖಾನೆಯಿಂದಲೇ ದುರುದ್ದೇಶದ ತಂತ್ರಾಂಶ ತುಂಬಿಕೊಂಡು ಬರುವ ಇಂಥ ಸಾಧನಗಳ ಬಗ್ಗೆ, ಬ್ಯಾಡ್‌ಬಾಕ್ಸ್ 2.0 ಎಂಬ ಜಾಲವನ್ನು ಹೆಸರಿಸಿ, ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಮೊಬೈಲಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ಹಿರಿಯರ ವೈಫೈಗೆ ಅಂಥದ್ದೊಂದನ್ನು ಸೇರಿಸುವುದು ನನ್ನ ದೃಷ್ಟಿಯಲ್ಲಿ ತಪ್ಪೇ.

ವೈಫೈ ಬಗ್ಗೆ ನಮ್ಮ ಕಡೆಯ ಮನೆಗಳಿಗೇ ಸಂಬಂಧಿಸಿದ ಒಂದು ಮಾತಿದೆ. ನಿಮ್ಮದೂ ದಪ್ಪ ಕಲ್ಲಿನ ಗೋಡೆಯ ಹಳೆಯ ಮನೆಯಾಗಿದ್ದರೆ, ರೂಟರಿನ 5 ಗಿಗಾಹರ್ಟ್ಸ್ ಸಂಕೇತ ವೇಗವಾಗಿದ್ದರೂ ಗೋಡೆ ದಾಟುವಲ್ಲಿ ಸೋಲುತ್ತದೆ, 2.4 ಗಿಗಾಹರ್ಟ್ಸ್ ಅದಕ್ಕಿಂತ ಚೆನ್ನಾಗಿ ದಾಟುತ್ತದೆ, ಹಾಡು ಕೇಳಲು ಅದರ ವೇಗ ಧಾರಾಳವಾಗಿ ಸಾಕು. ಎರಡು ಗೋಡೆ ಅಡ್ಡವಿದ್ದರೆ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆಗಳ ಬೆನ್ನು ಹತ್ತದೆ, ರೂಟರನ್ನೇ ಪಡಸಾಲೆಗೆ ತನ್ನಿ. ಸ್ಟಿಕ್ಕಿನ ಜೊತೆ ಗೇಣುದ್ದದ ಎಚ್‌ಡಿಎಂಐ ವಯರಿನ ತುಂಡು ಬಂದಿದ್ದರೆ ಅದನ್ನೂ ಎಸೆಯಬೇಡಿ, ಅದನ್ನು ಹಚ್ಚಿದರೆ ಸ್ಟಿಕ್ ಟಿವಿಯ ಬೆನ್ನಿನಿಂದ ಸ್ವಲ್ಪ ದೂರ ನಿಂತು ವೈಫೈಯನ್ನು ಚೆನ್ನಾಗಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಕಡಿಮೆ ಬಿಸಿಯಾಗುತ್ತದೆ.

ಹಬ್ಬಕ್ಕೆ ಹೋಗುವ ಮುಂಚೆ ಇಂದೇ ಮನೆಗೆ ಫೋನ್ ಮಾಡಿ, ಟಿವಿಯಿಂದ ಹತ್ತಿರದ ಸಾಕೆಟ್ ಎಷ್ಟು ಅಡಿ ದೂರವಿದೆಯೆಂದು ಅಳೆಸಿ. ಸ್ಟಿಕ್ಕಿನ ವಯರಿಗಿಂತ ಹೆಚ್ಚಿದ್ದರೆ ಎಲೆಕ್ಟ್ರಿಷಿಯನ್ನನ್ನು ಹಬ್ಬದ ಮೊದಲೇ, ಬಣ್ಣ ಹೊಡೆಯುವುದಕ್ಕಿಂತ ಮೊದಲೇ ಕರೆಸಿ. ಹಬ್ಬದ ವಾರ ಅವರು ಸಿಗುವುದು ಕಷ್ಟ. ಜೋಡಿಸಿದ ದಿನ ಹತ್ತು ನಿಮಿಷ ನೋಡಿ ಎದ್ದುಬಿಡಬೇಡಿ. ಅಪ್ಪನಿಗೆ ಬೇಕಾದದ್ದನ್ನು ಹಚ್ಚಿಕೊಟ್ಟು, ಪಕ್ಕದಲ್ಲಿಯೇ ಕುಳಿತು, ಎರಡು ತಾಸು ಒಮ್ಮೆಯೂ ಆರದೆ ಓಡಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಪುಣೆಯ ಬಸ್ಸು ಹತ್ತಿ.